ಹದಿನೆಂಟು ಎಂಎಂ ಅಂತ ಬರೆದಿದ್ದ ಹಲಗಿ

ಅಪ್ಪಾ,

ಅಂಗನವಾಡಿ ಕಪಾಟು ವಾಪಸ್ ತರಾಕ ಟೆಂಪೋ ತಗೊಂಡು ಇಲ್ಲೇ ಪಕ್ಕದ ಹಳ್ಳಿ ಮಂಗಳೂರಿಗೆ ಹೊಂಟೀನಿ. ಸಂಜಿ ಒಳಗ ಬರ್ತೀನಿ. ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟೀನಿ. ನಿನ್ನೆ ಮಧ್ಯಾಹ್ನದಿಂದ ನೀವು ಏನೂ ತಿಂದಿಲ್ಲ. ಮೊದಲು ಉಣ್ರಿ.

ಕಪಾಟಿನ ಹಲಗಿ ಕಳಚಿ ಬಿತ್ತು ಅಂತ ಟೀಚರ್ ಫೋನ್ ಮಾಡಿದಾಗಿಂದ "ನನ್ನ ಕೈ ಹೋತು, ಇನ್ನ ಮಷೀನ್ ಮುಟ್ಟೂದಿಲ್ಲ" ಅಂತ ಕುಂತೀರಿ. ಮಕ್ಕಳು ಊಟಕ್ಕ ಹೊರಗ ಕುಂತಿದ್ದಕ್ಕ ಯಾರಿಗೂ ಪೆಟ್ಟಾಗಿಲ್ಲ. ಆದ್ರ ತಪ್ಪು ನಿಮ್ಮದಲ್ಲ, ನಂದು.

ಆ ಪ್ಲೈವುಡ್ ನಾನು ಬ್ಯಾರೆ ಅಂಗಡ್ಯಾಗ ತಂದಿದ್ದೆ, ನಿಮಗ ಹೇಳಲಿಲ್ಲ. ಅದರ ಮ್ಯಾಲ ಹದಿನೆಂಟು ಎಂಎಂ ಅಂತ ಬರೆದಿತ್ತು. ಇವತ್ತು ಮುಂಜಾನಿ ಉಳಿದ ತುಂಡು ಅಳೆದು ನೋಡಿದೆ, ಹದಿನೇಳೂ ಇಲ್ಲ. ನೀವು ಅಂಕಿ ನಂಬಿ ರೌಟರ್ ಮಷೀನಿಗೆ ಹದಿನೆಂಟು ಎಂಎಂ ಕೊರಿಯೂ ಬಿಟ್ ಹಾಕಿ, ಹಲಗಿ ಕೂಡೂ ಗ್ರೂವ್ ಹೊಡದ್ರಿ. ಹಲಗಿ ಸಡಿಲ ಕೂಡ್ತು. ಆ ಸಂದಿಯೊಳಗ ಅಂಟು, ಕಟಗಿ ಪುಡಿ ತುಂಬಿ ಮುಚ್ಚಿದಾಕಿ ನಾನು. ನಿನ್ನೆ ನೀವು ನಿಮ್ಮ ಕೈಯನ್ನ ಬೈಕೊಂಡಾಗೂ ನಾನು ಬಾಯಿ ಬಿಡಲಿಲ್ಲ.

ಅಂಗನವಾಡಿಗೆ ಬದಲಿ ಕೊಡೂ ಹೊಸ ಕಪಾಟಿನ ಹಲಗಿ ಬಾಗಿಲ ಹಿಂದ ಅದಾವ. ಒಂದೊಂದನ್ನೂ ಅಳೀರಿ. ರೌಟರಿಗೆ ಹನ್ನೆರಡರ ಬಿಟ್ ಹಾಕಿ, ಗ್ರೂವ್ ಹಲಗಿ ದಪ್ಪದಷ್ಟ ಅಗಲ ಆಗೂ ಹಂಗ ಗೈಡ್ ಪಟ್ಟಿ ಸರಿಸಿ ಎರಡು ಸಲ ಓಡಿಸ್ರಿ. ಮೊದಲು ಸಣ್ಣ ತುಂಡಿನ್ಯಾಗ ಹೊಡೆದು ನೋಡ್ರಿ. ಅಂಗೈಲೆ ಒತ್ತಿದ್ರ ಹಲಗಿ ಕೂಡಬೇಕು, ಸುತ್ತಿಗಿನೂ ಬೇಡಬಾರದು, ತಾನಾಗಿ ಜಾರಿಯೂ ಬೀಳಬಾರದು. ಈ ಅಂದಾಜು ನಿಮ್ಮ ಅಂಗೈಗೆ ಗೊತ್ತೈತಿ, ನನಗ ಇನ್ನೂ ಬಂದಿಲ್ಲ.

ಟೀಚರಿಗೂ ಇದನ್ನೆಲ್ಲಾ ನಾನ ಹೇಳ್ತೀನಿ. ಸಂಜಿಕ ಬಂದಾಗ ಎಷ್ಟು ಬೇಕಾದ್ರೂ ಬೈರಿ. ಮಷೀನ್ ಬಿಡತೀನಿ ಅಂತ ಮಾತ್ರ ಅನಬ್ಯಾಡ್ರಿ.

ಹೇಮಾ