ಮೊದಲ ಇಪ್ಪತ್ತು ಸೆಕೆಂಡು

ಹೂಳುಮನೆ, ಹೊಸಪೇಟೆ
ಫೆಬ್ರವರಿ 30, 2171

ಹುಲಿಗೆಮ್ಮಜ್ಜಿಯವರಿಗೆ, ನಿಮ್ಮಿಂದ ಐದನೆಯ ತಲೆಮಾರಿನ ಅಡಿವೆಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ದಿನಗಳಿದ್ದವಂತೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಗಂಟು ಕಟ್ಟಿ ಇಟ್ಟಿದ್ದಾರೆ, ಆಗ ಯಾರೂ ಕೆಲಸ ಮಾಡುವುದಿಲ್ಲ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ. ಬಂದ ಕಡೆ ಬಿಡಿಸಿ ಹೇಳುತ್ತೇನೆ, ಮರೆತರೆ ಮನ್ನಿಸಿ. ಇನ್ನೊಂದು ಮುಜುಗರವೂ ಇದೆ. ವಂಶದಲ್ಲಿ ನೀವು ನನ್ನ ಅಜ್ಜಿಯ ಅಜ್ಜಿ. ಆದರೆ ನೀವು ಮಾಡಿಟ್ಟ ವಿಡಿಯೋದಲ್ಲಿ ನಿಮಗೆ ಇಪ್ಪತ್ತೇಳು ವರ್ಷ, ನನಗೀಗ ನಲವತ್ತನಾಲ್ಕು. ಎದುರಿಗೆ ಸಿಕ್ಕರೆ ಕಾಲಿಗೆ ಬೀಳಬೇಕೋ, ತಲೆ ಬಾಚಿಕೊಂಡು ಬಾ ಎಂದು ಗದರಬೇಕೋ ತಿಳಿಯದು. ಅಂತೂ ಅಜ್ಜಿ ಎಂದೇ ಕರೆಯುತ್ತೇನೆ.

ನಾವು ಏನು ಮಾಡಿಕೊಂಡಿದ್ದೇವೆ ಎಂಬುದನ್ನು ಮೊದಲು ಹೇಳುತ್ತೇನೆ. ನಿಮ್ಮೂರಿನ ಜಲಾಶಯದಲ್ಲಿ ಈಗ ನೀರಿಗಿಂತ ಹೂಳೇ ಹೆಚ್ಚು. ಅದನ್ನು ತೆಗೆಯುವುದೇ ಊರಿನ ಕೆಲಸ. ತಳದಲ್ಲಿ ಹೂಳೆಮ್ಮೆಗಳು ನಡೆದಾಡುತ್ತವೆ. ಹೂಳೆಮ್ಮೆ ಎಂದರೆ ಯಂತ್ರ, ಎಮ್ಮೆಯಷ್ಟು ಗಾತ್ರ, ಎಮ್ಮೆಯಷ್ಟೇ ಹಟ. ತಾವಾಗಿಯೇ ನಡೆಯಲು ಬಿಟ್ಟರೆ ಮುಳುಗಿದ ಮರದ ಬೊಡ್ಡೆಗೆ ಹೋಗಿ ಸಿಕ್ಕಿಕೊಳ್ಳುತ್ತವೆ, ಹಾಗಾಗಿ ಒಬ್ಬೊಬ್ಬರು ಒಂದೊಂದು ಎಮ್ಮೆಯನ್ನು ದಂಡೆಯ ಮೇಲಿನ ಹೂಳುಮನೆಯಲ್ಲಿ ಕೂತು ನಡೆಸಬೇಕು. ನಡೆಸುವವರನ್ನು ಹಿಡಿಗಾರರು ಎನ್ನುತ್ತೇವೆ. ಪಾಳಿಗೆ ಆರು ತಾಸು. ನಡುವೆ ಒಮ್ಮೆ ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿ ಬರುತ್ತದೆ, ಅದು ನಿಮ್ಮ ಕಾಲದಲ್ಲಿದ್ದ ಹಾಗೆಯೇ ಇದೆ ಎಂದು ಹಿರಿಯರು ಹೇಳುತ್ತಾರೆ. ತೆಗೆದ ಹೂಳನ್ನು ಒಣಗಿಸಿ ಇಟ್ಟಿಗೆ ಹಾಕುತ್ತಾರೆ. ನಮ್ಮ ಮನೆ, ಶಾಲೆ, ಬಸ್ ನಿಲ್ದಾಣ ಎಲ್ಲವೂ ಜಲಾಶಯದ ತಳದಿಂದಲೇ ಎದ್ದು ಬಂದವು. ಮಳೆ ಬಿದ್ದಾಗ ಗೋಡೆಗಳಿಂದ ಮೀನಿನ ವಾಸನೆ ಬರುತ್ತದೆ, ಅಭ್ಯಾಸವಾಗಿದೆ.

ಎಮ್ಮೆಯನ್ನು ನಡೆಸುವ ಸಾಧನ ನಿಮಗೆ ಗುರುತು ಸಿಗುತ್ತದೆ. ಅಂಗೈಯಗಲದ ಗಾಜು, ಅದರ ಎರಡೂ ಪಕ್ಕದಲ್ಲಿ ಕೈಗೆ ಕೂಡುವ ಹಿಡಿ, ಅಂಚಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗೆ ಕಚ್ಚಿಕೊಂಡ ಒತ್ತುಗಳು. ನೀವು ಇವನ್ನು ಗ್ರಿಪ್ ಎಂದೂ ಟ್ರಿಗರ್ ಎಂದೂ ಕರೆದಿದ್ದೀರಿ. ನೀವು ಅದಕ್ಕೆ ಫೋನು ಕೂರಿಸಿ ಗುಂಡು ಹೊಡೆಯುವ ಆಟ ಆಡುತ್ತಿದ್ದಿರಿ. ಪರದೆಯೊಳಗೆ ಯಾರೋ ಓಡುತ್ತಾರೆ, ನೀವು ಹೊಡೆಯುತ್ತೀರಿ, ಸತ್ತವರು ಪೆಟ್ಟಿಗೆಯಾಗಿಬಿಡುತ್ತಾರೆ. ಪೆಟ್ಟಿಗೆ ಯಾಕೆ ಎಂಬುದು ನಮ್ಮಲ್ಲಿ ಯಾರಿಗೂ ಅರ್ಥವಾಗಿಲ್ಲ. ಆದರೆ ನಿಮ್ಮ ಕೈ ಎಲ್ಲರಿಗೂ ಗೊತ್ತು. ಎಡಗೈಯ ತೋರುಬೆರಳು ಗಾಜಿನ ಹಿಂದೆ ಕೋಲಿನಂತೆ ನೇರ, ಎಡ ಒತ್ತು ಮೇಲಂಚಿನಲ್ಲಿಲ್ಲ, ತಲೆಕೆಳಗಾಗಿ ಕೆಳಂಚಿನಲ್ಲಿದೆ, ಅದನ್ನು ಕಿರುಬೆರಳು ಒತ್ತುತ್ತದೆ. ನಿಮಗೆ ಇನ್ನೂ ಹುಟ್ಟಿರದ ಮಗಳು ಪಂಪಾವತಿ ನಿಮ್ಮನ್ನೇ ನೋಡಿ ಹಾಗೆ ಹಿಡಿಯಲು ಕಲಿತಳು. ಮೊದಲ ಹೂಳೆಮ್ಮೆ ನೀರಿಗಿಳಿದಾಗ ಅವಳಷ್ಟು ಚುರುಕಾಗಿ ನಡೆಸಿದವರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಎಂಜಿನಿಯರುಗಳು ಅವಳ ಕೈಗೆ ಮೇಣ ಮೆತ್ತಿ ಅಚ್ಚು ತೆಗೆದರು. ಅಲ್ಲಿಂದ ನೂರಿಪ್ಪತ್ತು ವರ್ಷ ಈ ಊರಿನಲ್ಲಿ ಹುಟ್ಟಿದ ಪ್ರತಿ ಹಿಡಿಯೂ ಆ ಅಚ್ಚಿನದೇ.

ಎಡ ಒತ್ತನ್ನು ಅದುಮಿ ಹಿಡಿದಷ್ಟು ಹೊತ್ತು ಎಮ್ಮೆ ಹೂಳು ಹೀರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹಾಗಾಗಿ ಆರು ತಾಸಿನಲ್ಲಿ ಐದು ತಾಸು ಕಿರುಬೆರಳು ಅದುಮಿಯೇ ಇರುತ್ತದೆ. ಮೊದಮೊದಲು ಅಂಗೈಯ ಅಂಚು ಜುಮುಗುಡುತ್ತದೆ. ಕೆಲವು ವರ್ಷಗಳಾದ ಮೇಲೆ ಜೋಮು ಬಂದರೆ ಹೋಗುವುದೇ ಇಲ್ಲ. ಕಿರುಬೆರಳು ಸಾಯುತ್ತದೆ, ಪಕ್ಕದ ಉಂಗುರದ ಬೆರಳೂ ಅದರ ಹಿಂದೆ ಹೋಗುತ್ತದೆ. ಇದಕ್ಕೆ ನಾವು ಅಳುವುದಿಲ್ಲ. ಸೂಜಿ ದಿನ ಎಂದು ಆಚರಿಸುತ್ತೇವೆ. ಹನ್ನೆರಡು ವರ್ಷ ಮುಗಿಸಿದವರು ಹೊಸ ಬಟ್ಟೆ ತೊಟ್ಟು ಬಂದು ಹಲಗೆಯ ಮೇಲೆ ಎಡಗೈ ಚಾಚುತ್ತಾರೆ, ಕಿರುಬೆರಳಿಗೆ ಸೂಜಿ ಚುಚ್ಚುತ್ತಾರೆ. ಕೈ ಹಿಂದಕ್ಕೆ ಎಳೆಯದಿದ್ದರೆ ಹಸಿರು ಪಟ್ಟಿ ಕಟ್ಟಿ ಜೋಮಿನವರು ಎಂದು ಕರೆಯುತ್ತಾರೆ, ಅಂದರೆ ಪಳಗಿದವರು. ಎಳೆದರೆ ಹಸಿಕೈ ಎಂದು ನಕ್ಕು ಮುಂದಿನ ವರ್ಷ ಬಾ ಎನ್ನುತ್ತಾರೆ. ನನಗೆ ಮೂವತ್ತೊಂದನೇ ವಯಸ್ಸಿಗೆ ಪಟ್ಟಿ ಸಿಕ್ಕಿತು. ರಕ್ತದ ಹನಿ ಕಾಣಿಸಿತು, ಚುಚ್ಚಿದ್ದು ತಿಳಿಯಲಿಲ್ಲ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆ ಮೇಲೆ ನನ್ನನ್ನು ಹಿಡಿತ ನೋಡುವ ಕೆಲಸಕ್ಕೆ ಹಾಕಿದರು. ಹೊಸಬರ ಕೈ ನೋಡಿ, ತೋರುಬೆರಳು ನೇರವಿದೆಯೋ ಇಲ್ಲವೋ, ಕಿರುಬೆರಳು ಕೆಳಗಿದೆಯೋ ಇಲ್ಲವೋ ಎಂದು ಪರೀಕ್ಷಿಸಿ ಸಹಿ ಹಾಕುವುದು ನನ್ನ ಕೆಲಸ. ಎರಡು ವರ್ಷದ ಕೆಳಗೆ ನನ್ನ ಮಗಳು ಹೊನ್ನಿ ಪರೀಕ್ಷೆಗೆ ಬಂದಳು, ಆಗ ಅವಳಿಗೆ ಹದಿನೇಳು. ಅವಳು ಎಡ ಒತ್ತನ್ನು ಕಿತ್ತು ಮೇಲಂಚಿಗೆ ಕಚ್ಚಿಸಿಕೊಂಡು, ತೋರುಬೆರಳಿನಿಂದ ಒತ್ತಿ, ಉಳಿದವರಿಗಿಂತ ಕಾಲು ತಾಸು ಮೊದಲೇ ತನ್ನ ಪಾಲಿನ ಹೂಳು ತೆಗೆದಿಟ್ಟಳು. ನಾನು ಹಿಡಿತ ತಪ್ಪು ಎಂದು ಬರೆದೆ. ಎರಡನೇ ಸಲವೂ ಬರೆದೆ. ಮಗಳೆಂದು ಪಾಸು ಮಾಡಿಬಿಟ್ಟಳು ಎಂದು ಊರು ಆಡಿಕೊಳ್ಳಬಾರದಲ್ಲ. ಆ ಮೇಲೆ ಬಿದಿರಿನ ಸೀಳು ಇಟ್ಟು ಅವಳ ತೋರುಬೆರಳನ್ನು ನೇರ ಮಾಡಿ ಕಟ್ಟಿದೆ. ಉಣ್ಣುವಾಗಲೂ ಬಿಚ್ಚಲಿಲ್ಲ. ಹದಿನಾಲ್ಕು ತಿಂಗಳು ಕಟ್ಟಿದೆ. ಹೋದ ತಿಂಗಳು ಮೂರನೇ ಪರೀಕ್ಷೆಯಲ್ಲಿ ಅವಳ ಕೈ ನಿಮ್ಮ ಕೈಯಂತೆಯೇ ಕೂತಿತು. ನಾನು ಸಹಿ ಹಾಕಿದೆ. ಮನೆಯಲ್ಲಿ ಹೋಳಿಗೆ ಮಾಡಿದ್ದೆವು.

ಅದಾದ ಎಂಟು ದಿನಕ್ಕೆ ನಿಮ್ಮ ವಿಡಿಯೋ ಸಿಕ್ಕಿತು. ಸಿಕ್ಕಿತು ಎಂದರೆ ಪೂರ್ತಿಯಾಗಿ ಸಿಕ್ಕಿತು. ಹಿಡಿಗಾರರಿಗೆ ಮೊದಲ ಪಾಠವಾಗಿ ತೋರಿಸುವುದು ನಿಮ್ಮ ವಿಡಿಯೋವನ್ನೇ, ಅದು ಕೈ ಕಾಣುವಲ್ಲಿಂದ ಶುರುವಾಗುತ್ತದೆ. ಅದನ್ನು ನಾನು ನೂರು ಸಲವಾದರೂ ನೋಡಿದ್ದೇನೆ. ಪಂಪಾವತಜ್ಜಿಯ ಹಳೆಯ ಫೋನು ಹೂಳುಮನೆಯ ಗಾಜಿನ ಕಪಾಟಿನಲ್ಲಿತ್ತು. ಕಟ್ಟಡ ಬದಲಾಯಿಸುವಾಗ ಆ ಫೋನನ್ನು ತೆರೆದು ಒಳಗಿದ್ದದ್ದನ್ನೆಲ್ಲ ಬೇರೆಡೆಗೆ ಇಳಿಸಿದರು. ಅಲ್ಲಿ ಎರಡು ವಿಡಿಯೋ ಇದ್ದವು. ಒಂದರ ಹೆಸರು ‘ಅವ್ವ’. ಇನ್ನೊಂದರ ಹೆಸರು ‘ಅವ್ವ, ಮಾತು ತೆಗೆದದ್ದು’. ನಮಗೆ ಪಾಠವಾಗಿದ್ದು ಎರಡನೆಯದು. ಮೊದಲನೆಯದು ಇಪ್ಪತ್ತು ಸೆಕೆಂಡು ಹೆಚ್ಚಿಗೆ ಇತ್ತು. ಆ ಇಪ್ಪತ್ತು ಸೆಕೆಂಡಿನಲ್ಲಿ ಮೊದಲ ಸಲ ನಿಮ್ಮ ಮುಖ ನೋಡಿದೆ. ನೀವು ನಗುತ್ತಾ ಹೇಳಿದ್ದು ಇಷ್ಟು:

"ಎಲ್ಲಾರಿಗೂ ನಮಸ್ಕಾರ್ರೀ. ಮೊದ್ಲ ಒಂದ್ ಮಾತು, ಓಡಿಸಬ್ಯಾಡ್ರಿ, ಕೇಳ್ರಿ. ನೀವು ನನ್ನಂಗ ಹಿಡೀಬ್ಯಾಡ್ರಪ್ಪಾ. ಗಾರ್ಮೆಂಟ್ಸಿನಾಗ ಮಿಷನ್ ಸೂಜಿ ಈ ತೋರುಬೆರಳಿನಾಗ ಹೊಕ್ಕಿತ್ತು, ಇದು ಬಗ್ಗಂಗಿಲ್ಲ. ಅದಕ್ಕ ನಾ ಟ್ರಿಗರ್ ಕೆಳಗ ಹಾಕ್ಕೊಂಡೀನಿ. ನಿಮ್ಮ ಬೆರಳು ಛಲೋ ಅದಾವಲ್ಲ, ಮ್ಯಾಲೆ ಹಾಕ್ಕೊಳ್ರಿ. ಕಿರುಬೆರಳಿಲೆ ಭಾಳ ಹೊತ್ತು ಒತ್ತಿದ್ರ ಕೈ ಜೋಮು ಹಿಡಿತೈತಿ."

ಅಷ್ಟೇ ಅಜ್ಜಿ. ನೀವು ಹೇಳಿದ್ದಿರಿ. ಸ್ಪಷ್ಟವಾಗಿ, ಎಲ್ಲಕ್ಕಿಂತ ಮೊದಲು, ವಿಡಿಯೋ ಮುಂದಕ್ಕೆ ಓಡಿಸಬೇಡಿ ಎಂದೂ ಹೇಳಿದ್ದಿರಿ. ಪಾಪ, ಪಂಪಾವತಜ್ಜಿಯನ್ನು ಬೈಯಬೇಡಿ. ಪಾಠಕ್ಕೆ ಕೈ ಕಂಡರೆ ಸಾಕು, ಮಾತು ಯಾಕೆ ಎಂದು ಯಾರೋ ಅಂದಿರಬೇಕು, ಅವಳು ಕತ್ತರಿಸಿದಳು. ನಾನು ಆ ಇಪ್ಪತ್ತು ಸೆಕೆಂಡನ್ನು ಮತ್ತೆ ಮತ್ತೆ ನೋಡಿದೆ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸೀರೆ ಒಗೆಯುವುದಿತ್ತು, ಎದ್ದು ಹೋಗಿ ಒಗೆದೆ.

ಮರುದಿನ ಮಾಬುಸಾಬ್ ಅಜ್ಜನಿಗೆ ತೋರಿಸಿದೆ. ಅವರು ನಮ್ಮ ಹೂಳುಮನೆಯ ಯಜಮಾನರು, ಎಪ್ಪತ್ತೊಂದು ವರ್ಷ, ಎಡಗೈ ಜೋಮಾದ ಮೇಲೆ ಬಲಗೈಯಲ್ಲೂ ಒತ್ತಿ ಎರಡೂ ಕೈಯ ಬೆರಳುಗಳು ಸತ್ತಿವೆ, ಅಂಗಿಯ ಗುಂಡಿಯನ್ನು ಮೊಮ್ಮಗಳು ಹಾಕುತ್ತಾಳೆ. ಪೂರ್ತಿ ನೋಡಿದರು.

"ನಲವತ್ತು ವರ್ಷ ಆತವ್ವಾ ನನ್ನ ಕೈ ಹೋಗಿ," ಎಂದರು. "ಈಗ ಇದನ್ನ ಕೇಳಿ ನಾ ಏನ್ ಮಾಡ್ಲಿ? ಹಸಿರು ಪಟ್ಟಿ ಕಟಿಗೊಂಡು ಮಣ್ಣಿಗೆ ಹೋದವ್ರಿಗೆ ನೀ ಏನ್ ಹೇಳ್ತಿ?"

ಜನರಿಗೆ ತೋರಿಸಬೇಡ ಎಂದು ಮಾತ್ರ ಅವರು ಹೇಳಲಿಲ್ಲ. ಆದ್ದರಿಂದ ಹೋದ ವಾರ ಸೂಜಿ ದಿನ ನೆರೆದ ಜನರ ಮುಂದೆ ಆ ಇಪ್ಪತ್ತು ಸೆಕೆಂಡನ್ನು ಹಾಕಿದೆ. ಗಲಾಟೆಯಾಗುತ್ತದೆ, ಯಾರಾದರೂ ಎದ್ದು ಹಿಡಿಯನ್ನು ನೆಲಕ್ಕೆ ಒಗೆಯುತ್ತಾರೆ ಎಂದುಕೊಂಡಿದ್ದೆ. ನೀವು ಹಿಡೀಬ್ಯಾಡ್ರಪ್ಪಾ ಎಂದಾಗ ಜನ ನಕ್ಕರು. ನಿಮ್ಮ ಮಾತಿನ ಧಾಟಿ ಅವರಿಗೆ ಇಷ್ಟವಾಯಿತು. ಹಿಂದಿನ ಸಾಲಿನವರು ಇನ್ನೊಮ್ಮೆ ಹಾಕಿ ಎಂದರು, ಹಾಕಿದೆ, ಮತ್ತೆ ನಕ್ಕರು. ಆ ಮೇಲೆ ಹನ್ನೊಂದು ಜನ ಸಾಲಾಗಿ ಬಂದು ಹಲಗೆಯ ಮೇಲೆ ಕೈ ಇಟ್ಟರು. ಸೂಜಿ ಚುಚ್ಚುವುದು ಈಗ ನನ್ನದೇ ಕೆಲಸ. ಚುಚ್ಚಿದೆ. ಒಂಬತ್ತು ಜನ ಕೈ ಎಳೆಯಲಿಲ್ಲ. ಪಟ್ಟಿ ಕಟ್ಟಿ ಎಲ್ಲರೂ ಊಟಕ್ಕೆ ಕೂತೆವು.

ಆ ಸಂಜೆ ಹೊನ್ನಿಯ ಪರೀಕ್ಷೆಯ ಕಾಗದ ತೆಗೆದು ನನ್ನ ಸಹಿಯನ್ನು ಹೊಡೆದುಹಾಕಿದೆ. ಅವಳು ಮುಂದಿನ ಸೋಮವಾರ ಎಮ್ಮೆ ಹಿಡಿಯಬೇಕಿತ್ತು, ಇನ್ನು ಹಿಡಿಯುವಂತಿಲ್ಲ. ಅವಳು ಕೂಗಾಡಲಿಲ್ಲ. "ಹದಿನಾಕು ತಿಂಗಳು ಕಟ್ಟಿದಾಕಿನೂ ನೀನ, ಈಗ ಬಿಚ್ಚಾಕಿನೂ ನೀನ," ಎಂದಳು. ಮೇಲಂಚಿಗೆ ಒತ್ತು ಕಚ್ಚಿಸಿ, ಮೊದಲಿನ ಹಾಗೆ ಹಿಡಿ ಎಂದು ಕೊಟ್ಟೆ. ತೋರುಬೆರಳು ಬಗ್ಗಲಿಲ್ಲ. ಕಟ್ಟು ಬಿಚ್ಚಿ ತಿಂಗಳಾದರೂ ತನ್ನಷ್ಟಕ್ಕೆ ನೇರವಾಗಿ ನಿಂತಿತ್ತು, ನಿಮ್ಮ ಬೆರಳಿನಂತೆ. ನಿಮ್ಮದನ್ನು ಯಂತ್ರ ಕೆಡಿಸಿತು, ಇವಳದನ್ನು ನಾನು ಕೆಡಿಸಿದೆ. ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಇಲ್ಲಿ ಹೇಳಿದರೆ ಸಮಾಧಾನ ಮಾಡುತ್ತಾರೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಈ ಕಾಗದ ನಿಮಗೆ ಮುಟ್ಟುತ್ತದೆಂಬ ಭ್ರಮೆ ನನಗಿಲ್ಲ. ಮುಟ್ಟಿದರೆ ಒಂದೇ ಕೋರಿಕೆ. ಇನ್ನೊಮ್ಮೆ ವಿಡಿಯೋ ಮಾಡುವಾಗ ಆ ಮಾತನ್ನು ಮೊದಲಿಗೆ ಹೇಳಬೇಡಿ. ಮೊದಲಿಗೆ ಹೇಳಿದ್ದನ್ನು ಎಲ್ಲ ಕಾಲದಲ್ಲೂ ಜನ ಓಡಿಸಿಬಿಡುತ್ತಾರೆ. ಗ್ರಿಪ್ಪಿನೊಳಗೆ ಫೋನು ಕೂರಿಸುವಾಗ, ಟ್ರಿಗರ್ ಕಚ್ಚಿಸುವಾಗ, ಕೈ ಆಡುತ್ತಿರುವಾಗಲೇ ನಡುವೆ ಹೇಳಿ. ಕತ್ತರಿಸಲು ಹೋದರೆ ಕೈಯೂ ಹೋಗುವಂಥ ಜಾಗದಲ್ಲಿ ಹೇಳಿ. ನಗಬೇಡಿ ಎನ್ನಲು ನನಗೆ ಮನಸ್ಸಿಲ್ಲ. ನೀವು ನಗುವುದು ಚೆನ್ನಾಗಿದೆ.

ಹೊನ್ನಿಯ ಸುದ್ದಿ ಹೇಳಿ ಮುಗಿಸುತ್ತೇನೆ. ದಿನಾ ಬೆಳಿಗ್ಗೆ ಅವಳ ಕೈಯನ್ನು ಬಿಸಿನೀರಿನಲ್ಲಿ ಅದ್ದಿ, ಎಣ್ಣೆ ಹಚ್ಚಿ, ಬೆರಳನ್ನು ಗೆಣ್ಣು ಗೆಣ್ಣಾಗಿ ಮಡಚುತ್ತೇನೆ. ಎಷ್ಟು ಅದುಮಿದೆ ಎಂಬುದು ನನ್ನ ಬೆರಳುಗಳಿಗೆ ಸರಿಯಾಗಿ ತಿಳಿಯುವುದಿಲ್ಲ, ಆದ್ದರಿಂದ ಅವಳ ಮುಖ ನೋಡಿಕೊಂಡು ಮಾಡುತ್ತೇನೆ. ಐದು ದಿನ ಅವಳು ಗೋಡೆ ನೋಡುತ್ತಾ ಕೂತಿದ್ದಳು, ಮುಖದಲ್ಲಿ ಏನೂ ಕಾಣಲಿಲ್ಲ. ಆ ಬೆರಳೂ ಸತ್ತಿತು, ನಾನೇ ಕೊಂದೆ ಎಂದುಕೊಂಡೆ. ಇವತ್ತು ಎರಡನೇ ಗೆಣ್ಣಿಗೆ ಬಂದಾಗ ಒಮ್ಮೆಲೇ ಕೈ ಕಿತ್ತುಕೊಂಡು, "ಅವ್ವಾ, ನೋಯ್ತೈತಿ!" ಎಂದಳು. ಇಷ್ಟು ಸಂತೋಷ ನನಗೆ ಆಗಿ ಎಷ್ಟು ವರ್ಷವಾಯಿತೋ. ಕೈಯನ್ನು ಮತ್ತೆ ಎಳೆದುಕೊಂಡು, ಇಲ್ಲೇನು, ಇಲ್ಲೇನು ಎಂದು ಒತ್ತಿ ಒತ್ತಿ ಕೇಳಿದೆ, ಅವಳು ಕಿರುಚಿ ನನ್ನನ್ನು ಬೈಯುವವರೆಗೂ ಕೇಳುತ್ತಲೇ ಇದ್ದೆ.

ನಿಮ್ಮ,
ಅಡಿವೆಮ್ಮ