ಅಣ್ಣನ ತಲೆಯ ಮೇಲಿನ ಪೆಟ್ಟಿಗೆ

ಜನವರಿ ೯, ೧೯೩೪. ಹೊಸಪೇಟೆ

ಇವತ್ತೂ ಹಂಪಿ. ಮದರಾಸಿನ ದೊರೆಗೆ ಹಾಳು ಗುಡಿಗಳ ಫೋಟೋ ತೆಗೆಯುವ ಹುಚ್ಚು. ಮುಂದೆ ನಾನು, ಇಂಗ್ಲಿಷಿನಲ್ಲಿ ದಾರಿ ಹೇಳುತ್ತ. ಹಿಂದೆ ಪಕ್ಕೀರಣ್ಣ, ತಲೆಯ ಮೇಲೆ ಕ್ಯಾಮೆರಾ ಪೆಟ್ಟಿಗೆ. ಒಳಗೆ ಗಾಜಿನ ಪ್ಲೇಟು — ಒಬ್ಬನೇ ಎತ್ತಿಕೊಳ್ಳುವ ಹಾಗಿಲ್ಲ, ಇಳಿಸುವ ಹಾಗೂ ಇಲ್ಲ. ಕೈ ಕೊಡುವುದು ನನ್ನ ಕೆಲಸ.

ದೊರೆ ಕೇಳಿದರು, ಸ್ಕೂಲು ಯಾಕೆ ಬಿಟ್ಟೆ? ಫೋರ್ತ್ ಫಾರಂ ಫೇಲಾಗಿ ಓಡಿಬಂದೆ ಅನ್ನಬೇಕಿತ್ತು. ನಾಲಿಗೆ ಹೊರಳಲಿಲ್ಲ. ಅಣ್ಣನ ಕಡೆ ಕೈ ತೋರಿಸಿ, "ಐ ಆಮ್ ಎನ್‌ಕಂಬರ್ಡ್ ವಿತ್ ಮೈ ಬ್ರದರ್" ಅಂದೆ. ಈ ಅಣ್ಣ ನನಗೆ ಹೊರೆ, ಅಂತ. ಮೇಷ್ಟ್ರು ಕಲಿಸಿದ ಕ್ರಿಯಾಪದ. ಆ ಮೇಷ್ಟ್ರ ಸ್ಕೂಲಿಗೆ ಫೀಸು ಕಟ್ಟಿದ್ದು ಅದೇ ಅಣ್ಣನ ತಲೆ.

"ಪೂರ್ ಫೆಲೋ" ಅಂದರು ದೊರೆ. ನನಗೆ! ಅಣ್ಣ ಪೆಟ್ಟಿಗೆ ಹೊತ್ತೇ ನಿಂತಿದ್ದ. ತನ್ನ ಪರಿಚಯ ಮಾಡಿಕೊಟ್ಟೆ ಅಂದುಕೊಂಡು ನಕ್ಕ.

ಸಂಜೆ

"ದೊರಿಗೆ ನನ್ನ ಬಗ್ಗೆ ಏನಂದಿ ಲೇ?"

"ಅಣ್ಣ ಅಂದೆ."

"ಬ್ರದರು, ಅದು ನಂಗೂ ಗೊತ್ತೈತಿ. ಅದಕ್ಕ ಮೊದ್ಲು ಏನೋ ಉದ್ದಂದು ಅಂದ್ಯಲ್ಲ?"

ಪದ ಹೇಳಿಕೊಟ್ಟೆ. ಅರ್ಥ ಹೇಳಲಿಲ್ಲ.

ಅತ್ತಿಗೆ ಉಚ್ಚೆಂಗಮ್ಮ ಒಲೆಯ ಮುಂದಿನಿಂದಲೇ, "ಹೊರೋ ತಲಿಗೆ ಇಂಗ್ಲೀಷ್ ಕಿರೀಟ ಬ್ಯಾರೆ!" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಥೂ.

ಜನವರಿ ೧೦

ದೊರೆಯನ್ನು ಕಂಡದ್ದೇ ಅಣ್ಣ ಎದೆ ತಟ್ಟಿಕೊಂಡ. "ಎನ್‌ಕಂಬರ್, ಸಾರ್!"

ದೊರೆಯ ಮುಖ ಕೆಂಪಾಯಿತು. ಸಂಜೆ ನನ್ನನ್ನು ಪಕ್ಕಕ್ಕೆ ಕರೆದರು. ಪಾಪ, ತಾನು ಹೊರೆ ಅಂತ ಅವನಿಗೇ ಗೊತ್ತಿದೆ. ಕೆಲಸಕ್ಕೂ ಅವನನ್ನು ಎಳೆದುಕೊಂಡು ಬರುವ ಕಷ್ಟ ನಿನಗೆ ಬೇಡ, ನಾಳೆಯಿಂದ ಬೇರೆ ಆಳು ಮಾಡಿಕೊಳ್ಳುತ್ತೇನೆ ಅಂದರು.

ಬಾಯಿ ತೆರೆದೆ. "ಥ್ಯಾಂಕ್ ಯೂ ಸರ್" ಬಂತು.

ಜನವರಿ ೧೩

ಬರೆಯಲು ಕೈ ಬಂದಿರಲಿಲ್ಲ. ಅಣ್ಣ ಕೆಲಸವಿಲ್ಲದೆ ಮನೆಯಲ್ಲಿ. "ನಾನೇನರ ತಪ್ಪು ಮಾಡಿದ್ನೇನು? ಪೆಟ್ಟಿಗಿ ಒಮ್ಮೆನೂ ಕುಲುಕಿಲ್ಲ... ದೊರೀನ ಕೇಳು ಬೇಕಾರ."

ಇವತ್ತು ದೊರೆಗೆ ಹೇಳಿದೆ, ಹೊಸ ಆಳಿನ ಎದುರಿಗೇ. ಫೇಲಾದವನು ನಾನು. ಹೊತ್ತವನು ಅವನು. ದೊರೆ ಕ್ಯಾಮೆರಾದ ಮುಚ್ಚಳ ಹಾಕಿದರು. ಆಮೇಲೆ, ನಾಳೆ ಅವನನ್ನು ಕಳಿಸು, ನೀನು ಬೇಕಾಗಿಲ್ಲ ಅಂದರು. ಸರಿಯೇ.

ಮನೆಗೆ ಬಂದು ಅಣ್ಣನಿಗೂ ಅರ್ಥ ಹೇಳಿದೆ.

"ಹೊರಿ... ನಾನಾ?"

ಅತ್ತಿಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಣ್ಣ ನೆಲ ನೋಡುತ್ತ ಅಂದ — "ಊರ ಅಗಸಿ ಬಾಗಿಲತನಕ ಮಂದಿಗೆಲ್ಲ ನಾ ಎನ್‌ಕಂಬರ್ ಅಂತ ಹೇಳ್ಕೊಂಡು ಬಂದೀನಲ್ಲೋ."

ಜನವರಿ ೧೪

ಕರೆಯದಿದ್ದರೂ ಹೋದೆ. ಮುಂದೆ ದೊರೆ, ಅವರ ಹಿಂದೆ ಅಣ್ಣ; ನಾನು ದೂರದಿಂದ, ಹಿಂದೆ ಹಿಂದೆ. ವಿಠಲನ ಗುಡಿಯ ಹಾದಿಯಲ್ಲಿ ಎದೆಯೆತ್ತರದ ಕಲ್ಲೊಂದಿದೆ. ಜೊತೆಗೆ ಯಾರೂ ಇಲ್ಲದವರು ಹೊರೆ ಇಳಿಸಿ, ಮತ್ತೆ ತಾವೇ ತಲೆಗೇರಿಸಿಕೊಳ್ಳಲು ಇಟ್ಟದ್ದು. ಇಷ್ಟು ವರ್ಷ ನಮಗೆ ಅದು ಬೇಕಾಗಿರಲಿಲ್ಲ. ಇವತ್ತು ಅಣ್ಣ ಪೆಟ್ಟಿಗೆಯನ್ನು ಅಲ್ಲಿಳಿಸಿದ. ಬೆವರು ಒರೆಸಿಕೊಂಡ. ಬಗ್ಗಿ ತಲೆ ಕೊಟ್ಟ. ತಲೆಯ ಮೇಲಿನ ಬಟ್ಟೆಯ ಸಿಂಬಿ ಜಾರಿತು, ಪೆಟ್ಟಿಗೆ ವಾಲಿತು. ಓಡಿಹೋಗಿ ಹಿಡಿದೆ.

"ಬಿಡು ಲೇ" ಅಂದ.

ಬಿಡಲಿಲ್ಲ.

ನನ್ನ ಮುಖ ನೋಡಿದ. "ಬಿಡ್ರಿ" ಅಂದ. ಗುರುತಿಲ್ಲದವರಿಗೆ ಅನ್ನುವ ಹಾಗೆ.

ಕೈ ತೆಗೆದರೆ ಪೆಟ್ಟಿಗೆ ಬೀಳುತ್ತಿತ್ತು; ಅವನ ತಲೆಗೆ ಕೂರುವ ತನಕ ಹಿಡಿದೇ ಇದ್ದೆ.