ಅತ್ತೆಯವರ ಹುಳಿಹಿಟ್ಟು

ಬೇಕರಿಯ ಹಿಂದಿನ ಕೋಣೆಯಿಂದ,
ಏಪ್ರಿಲ್ 13, ಭಾನುವಾರ

ಪೂಜ್ಯ ಮಾವನವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಮಂಡಿ ಈಗ ಹೇಗಿದೆ? ಆಪರೇಷನ್ ಆದ ಮೇಲೆ ಕೋಲಿಲ್ಲದೆ ಬಾಗಿಲವರೆಗೆ ನಡೆದಿರಿ ಎಂದು ನಾದಿನಿ ಫೋನಿನಲ್ಲಿ ಹೇಳಿದಳು, ಸಂತೋಷವಾಯಿತು. ಅವಳ ಮನೆಯ ಮೆಟ್ಟಿಲು ಹತ್ತುವ ಸಾಹಸ ಮಾತ್ರ ಬೇಡ. ನೀವು ಹೇಳಿದ ಮಾತು ಕೇಳುವವರಲ್ಲ, ಆದರೂ ಬರೆದಿದ್ದೇನೆ.

ಇಲ್ಲಿನ ಸುದ್ದಿ ಬರೆಯಲು ಹೇಸಿಗೆಯಾಗುತ್ತದೆ. ನೀವು ನಾದಿನಿಯ ಮನೆಗೆ ಹೋದ ಮೇಲೆ ನಿಮ್ಮ ಮಗ ಚರ್ಚಿಗೆ ಕಾಲಿಟ್ಟಿಲ್ಲ. ಭಾನುವಾರದ ಆರಾಧನೆ, ಕ್ರಿಸ್ಮಸ್, ಈಸ್ಟರ್ ಎಲ್ಲ ಮನುಷ್ಯರು ಕಟ್ಟಿದ್ದಂತೆ. ದೇವರು ಹೇಳಿದ್ದು ಶನಿವಾರದ ಸಬ್ಬತ್ತು, ಪಸ್ಕ, ಅದರ ಬೆನ್ನಿಗೇ ಬರುವ ಹುಳಿಯಿಲ್ಲದ ರೊಟ್ಟಿಯ ಹಬ್ಬವಂತೆ. ಪಾಸ್ಟರ್ ಮನೆಗೇ ಬಂದು ಮಾತಾಡಿದರು. “ಭಾನುವಾರ ಅಂತ ಎಲ್ಲಿ ಬರೆದಿದೆ, ತೋರಿಸಿ” ಎಂದು ಇವರು ಕೇಳಿದ್ದಕ್ಕೆ ಟೀ ಕುಡಿದು ಎದ್ದು ಹೋದರು. ನಿಜ ಹೇಳಬೇಕೆಂದರೆ ಆ ಪ್ರಶ್ನೆ ನನಗೂ ಸರಿಯೆನಿಸಿತು. ನಂಬಿಕೆಯ ಮೇಲೆ ನನಗೆ ಸಿಟ್ಟಿಲ್ಲ ಮಾವ, ಆಚರಿಸುವ ಚಂದ ನೋಡಿ ವಾಕರಿಕೆ ಬರುತ್ತದೆ. ಶುಕ್ರವಾರ ಸೂರ್ಯ ಮುಳುಗಿದ್ದೇ ತಡ, ಕೈ ತೊಳೆದು ಕುರ್ಚಿ ಹಿಡಿಯುತ್ತಾರೆ, ಶನಿವಾರ ಸಂಜೆಯವರೆಗೆ ಸಬ್ಬತ್ತು, ಯಾವ ಕೆಲಸವನ್ನೂ ಮುಟ್ಟಕೂಡದಂತೆ. ಶನಿವಾರವೂ ಗಿರಾಕಿಗಳಿಗೆ ಬ್ರೆಡ್ ಬೇಕಲ್ಲ? ಹಿಟ್ಟು ನಾದುವವಳು ನಾನು, ಒಲೆ ಹೊತ್ತಿಸುವವಳು ನಾನು, ಬಿಸಿ ಟ್ರೇ ಎಳೆಯುವವಳೂ ನಾನೇ. ಕುರ್ಚಿಯಿಂದಲೇ “ಆ ಮೂಲೇಲಿ ಬನ್ನು ಸೀಯ್ತಾ ಇದೆ ನೋಡೇ” ಎನ್ನುತ್ತಾರೆ. ಬೈಬಲಿನಲ್ಲಿ ಸಬ್ಬತ್ತಿನ ಆಜ್ಞೆಯನ್ನು ನಾನೂ ತೆಗೆದು ಓದಿದೆ. ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಎಲ್ಲರಿಗೂ ವಿಶ್ರಾಂತಿ ಉಂಟು. ಹೆಂಡತಿ ಎಂಬ ಪದ ಮಾತ್ರ ಇಲ್ಲ. ಕತ್ತೆಯ ಲೆಕ್ಕದಲ್ಲಾದರೂ ನನಗೆ ಬಿಡುವು ಕೊಡಿ ಎಂದಿದ್ದಕ್ಕೆ ಮುಖ ಊದಿಸಿಕೊಂಡರು. ಭಾನುವಾರ ಇವರು ಕೆಲಸಕ್ಕಿಳಿದರೆ ಕೈಗೊಬ್ಬರು ಬೇಕು. ನನಗೆ ಆರಾಧನೆ ತಪ್ಪಿ ಆರು ವಾರವಾಯಿತು.

ಈ ವಾರದ್ದು ಕೇಳಿ. ಆ ರೊಟ್ಟಿಯ ಹಬ್ಬದ ಏಳು ದಿನ ಮನೆಯಲ್ಲಿ ಹಿಟ್ಟು ಉಬ್ಬಿಸುವ ಹುಳಿ ಯಾವುದೂ ಇರಕೂಡದು. ಬೇಕರಿಯವರಿಗೆ ಬೇರೆ ಹಬ್ಬ ಸಿಗಲಿಲ್ಲವೇ! ಅಂಗಡಿಗೆ ಬೀಗ ಬಿದ್ದಿದೆ. ಶುಕ್ರವಾರ ಯೀಸ್ಟ್ ಡಬ್ಬ, ಒಣಗಿದ ಬ್ರೆಡ್ಡಿನ ಚೂರು, ಎಲ್ಲವನ್ನೂ ಗುಡಿಸಿ ಎಸೆದರು. ಅಷ್ಟಕ್ಕೇ ನಿಲ್ಲಲಿಲ್ಲ. ಅತ್ತೆಯವರು ಮದುವೆಯಾಗಿ ಬಂದ ವರ್ಷ ಬ್ರೆಡ್ಡಿನ ಹೆಪ್ಪಿಗೆಂದು ಕಲಸಿಟ್ಟು, ದಿನವೂ ಹಿಟ್ಟು ನೀರು ಉಣಿಸಿ ಸಾಕಿದ ಹುಳಿಹಿಟ್ಟು, ಅವರು ತೀರಿಕೊಂಡ ದಿನವೂ ನೀವು ಕಣ್ಣೊರೆಸಿಕೊಂಡು ಉಣಿಸಿದ ಹುಳಿಹಿಟ್ಟು, ಅದನ್ನೂ ನಿಮ್ಮ ಮಗ ಬಚ್ಚಲಿಗೆ ಸುರಿದುಬಿಟ್ಟರು. ಹೋಗುವಾಗ ನೀವು ಅದರ ಭರಣಿಯನ್ನು ನನ್ನ ಕೈಗೆ ಕೊಟ್ಟು “ಇದೊಂದು ನೋಡ್ಕೋಮ್ಮ” ಎಂದಿದ್ದಿರಿ. ನಿಮಗೆ ಹೇಗೆ ಮುಖ ತೋರಿಸಲಿ? ಹೆತ್ತ ತಾಯಿ ಸಾಕಿದ್ದನ್ನು ಬಚ್ಚಲಿಗೆ ಹಾಕಿದವರ ಎದುರು ಕೂತು ಊಟ ಮಾಡಲೂ ಅಸಹ್ಯ.

ನಾದಿನಿಗೂ ಅವಳ ಮಕ್ಕಳಿಗೂ ನನ್ನ ಪ್ರೀತಿ ತಿಳಿಸಿ. ದೇವರು ನಿಮ್ಮ ಕಾಲಿಗೆ ಬಲ ಕೊಡಲಿ, ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ಇಂತಿ,
ನಿಮ್ಮ ಸೊಸೆ

ಮತ್ತೊಂದು ಮಾತು: ಪಕ್ಕದಂಗಡಿಯ ದರ್ಜಿ ನಿಮ್ಮ ಕಡೆ ಹೊರಟು ಈ ಪತ್ರ ಒಯ್ಯಲು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಶುಕ್ರವಾರ ಇವರಿಗೆ ಭರಣಿ ಮರೆತೇ ಹೋಗಿತ್ತು. ನೆನಪಾದದ್ದು ನಿನ್ನೆ ಮಧ್ಯಾಹ್ನ, ಸಬ್ಬತ್ತು, ಎತ್ತುವಂತಿಲ್ಲ. ಕುರ್ಚಿಯಿಂದ ಬೆರಳು ತೋರಿಸಿದರು, ಅಷ್ಟೆ. ಸುರಿದವಳು ನಾನು. ಒಂದು ಲೋಟದಷ್ಟು ತೆಗೆದು ದರ್ಜಿಯ ಮನೆಯಲ್ಲಿಡಬಹುದಿತ್ತು, ಅದು ನನಗೆ ಹೊಳೆದೂ ಇತ್ತು. ಆದರೆ ನಾಳೆಯಿಂದ ಇದಕ್ಕೆ ಉಣಿಸುವ ಕೆಲಸವೊಂದು ತಪ್ಪಿತಲ್ಲ ಎಂದುಕೊಂಡು ಭರಣಿಯನ್ನು ಪೂರ್ತಿ ಬಗ್ಗಿಸಿದೆ.